ಬೆಳಗ್ಗೆ ಮಾತ್ರ ಮಿಸ್ ಹೊಡೆಯುತ್ತಿದ್ದ ಎಂಜಿನ್

ರಾತ್ರಿಯಿಡೀ ನಿಂತ ಗಾಡಿ ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ ನಡುಗುತ್ತದೆ, ಮಿಸ್ ಹೊಡೆಯುತ್ತದೆ (ಸಿಲಿಂಡರಿನಲ್ಲಿ ಪೆಟ್ರೋಲ್ ಒಂದೊಂದು ಸಲ ಸರಿಯಾಗಿ ಉರಿಯಲ್ಲ), ಆಕ್ಸಿಲರೇಟರ್ ಒತ್ತಿದರೆ ತಡವರಿಸುತ್ತದೆ. ಬಿಸಿಯಾದ ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತದೆ. ನನ್ನ ಪೆಟ್ರೋಲ್ ಕಾರಿಗೆ ಬಂದಿದ್ದು ಇದೇ ಕಾಯಿಲೆ. ಗ್ಯಾರೇಜಿಗೆ ಹೋಗಿ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ತೋರಿಸೋಕೆ ಏನೂ ಉಳಿದಿರಲ್ಲ. ಆಮೇಲೆ ಊಹೆ ಮೇಲೆ ಪ್ಲಗ್, ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಂತ ಸುಮ್ನೆ ಬದಲಾಯಿಸುತ್ತಾ ಹೋಗಬೇಕು. ಅದರ ಬದಲು ನಾನೇ ಹುಡುಕಲು ಕೂತೆ.

ತಣ್ಣಗಿನ ಎಂಜಿನ್ ದಿನಕ್ಕೆ ಒಂದೇ ಸಲ ಸಿಗುತ್ತದೆ, ಅದೂ ಕೆಲವೇ ನಿಮಿಷ. ಹಾಗಾಗಿ ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರ್, ಟಾರ್ಚ್, ನೀರು ತುಂಬಿದ ಸ್ಪ್ರೇ ಬಾಟಲಿ ಎಲ್ಲವನ್ನೂ ಹಿಂದಿನ ರಾತ್ರಿಯೇ ತೆಗೆದಿಟ್ಟೆ.

ಮೊದಲ ಪರೀಕ್ಷೆಗೆ ಸ್ಟಾರ್ಟ್ ಮಾಡೋದೇ ಬೇಡ. ಕೀ ಆನ್ ಮಾಡಿ, ಸ್ಕ್ಯಾನರಿನಲ್ಲಿ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಉಷ್ಣತೆ ಮತ್ತು ಒಳಗೆ ಹೋಗುವ ಗಾಳಿಯ ಉಷ್ಣತೆ ಎರಡನ್ನೂ ನೋಡಿದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಇವೆರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ, ಒಂದಷ್ಟು ಒಳದಾರಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೂಲಂಟ್ ಸೆನ್ಸರ್ ಹೇಳಿದ್ದನ್ನು ನಂಬಿ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಹೊರಗೆ 20 ಡಿಗ್ರಿ ಇರುವಾಗ ಆ ಸೆನ್ಸರ್ 60 ಅಂದರೆ, ಎಂಜಿನ್ ಆಗಲೇ ಬಿಸಿಯಾಗಿದೆ ಅಂದುಕೊಂಡು ಇಸಿಯು ಕೈ ಬಿಗಿ ಹಿಡಿಯುತ್ತದೆ. 60 ಅನ್ನೋದು ಅಸಾಧ್ಯದ ಅಂಕಿಯಲ್ಲ ಅಲ್ವಾ, ಹಾಗಾಗಿ ಎಷ್ಟೋ ಸಲ ಚೆಕ್ ಎಂಜಿನ್ ಲೈಟೂ ಬರಲ್ಲ. ನನ್ನ ಗಾಡಿಯಲ್ಲಿ ಎರಡೂ ತಾಳೆಯಾದವು. ಸೆನ್ಸರ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಸ್ಟಾರ್ಟ್ ಮಾಡಿ ಮಿಸ್‌ಫೈರ್ ಲೆಕ್ಕ ನೋಡಿದರೆ ಜಾಸ್ತಿ ಏರುತ್ತಿದ್ದದ್ದು 1ನೇ ಸಿಲಿಂಡರಿನದು. ಬೆಳಗ್ಗೆ ಹೀಗೆ ಒಂದೇ ಸಿಲಿಂಡರ್ ಮಿಸ್ ಹೊಡೆದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ನೆನಪಾಗಿ ಎದೆ ಧಸಕ್ಕನ್ನುತ್ತದೆ. ರಾತ್ರಿ ಕೂಲಂಟ್ ಒಳಗೆ ಜಿನುಗಿದರೂ ಇದೇ ಲಕ್ಷಣ. ಆದರೆ ಕೂಲಂಟ್ ಮಟ್ಟ ಇಳಿದಿರಲಿಲ್ಲ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆಯಾಗಲಿ, ಸಿಹಿ ವಾಸನೆಯಾಗಲಿ ಇರಲಿಲ್ಲ. ಸಂಜೆ 1 ಮತ್ತು 4ನೇ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿಟ್ಟೆ. ಮಾರನೇ ಬೆಳಗ್ಗೆಯೂ ಮಿಸ್ 1ರಲ್ಲೇ. ಕಾಯಿಲ್ ಜೊತೆ ಅದು ಜಾಗ ಬದಲಿಸಲಿಲ್ಲ ಅಂದಮೇಲೆ ಕಾಯಿಲ್ ತಪ್ಪಿಲ್ಲ. ಪ್ಲಗ್ ಗ್ಯಾಪ್ ಸರಿಯಿತ್ತು. ಆದರೆ ಆ ಒಂದು ಪ್ಲಗ್ಗಿನ ತುದಿ ಮಾತ್ರ ಉಳಿದ ಮೂರಕ್ಕಿಂತ ಬೆಳ್ಳಗಿತ್ತು. ಅಂದರೆ ಆ ಸಿಲಿಂಡರಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ.

ನಿಜವಾದ ಸುಳಿವು ಕೊಟ್ಟಿದ್ದು ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ತನ್ನ ಲೆಕ್ಕಕ್ಕಿಂತ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಮಾಡುತ್ತಿದೆ ಅನ್ನೋ ಅಂಕಿ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಮುಟ್ಟುವವರೆಗೆ ಬಾಯಿ ಬಿಡಲ್ಲ. ಅಲ್ಲಿಯತನಕ ಇಸಿಯು ಹೊಗೆಯ ಸ್ಥಿತಿ ನೋಡದೆ, ತನ್ನೊಳಗಿನ ಲೆಕ್ಕದಂತೆ ಪೆಟ್ರೋಲ್ ಬಿಡುತ್ತದೆ. ಈಗಿನ ಸೆನ್ಸರುಗಳಲ್ಲಿ ಹೀಟರ್ ಇರುವುದರಿಂದ ಅವು ಬೇಗ ಎಚ್ಚರವಾಗುತ್ತವೆ, ಎಂಜಿನ್ ಇನ್ನೂ ತಣ್ಣಗೇ ಇರುತ್ತದೆ. ನಾನು ಕಾಯುತ್ತಿದ್ದದ್ದು ಈ ಸಣ್ಣ ಸಂದಿಗೆ. ಸ್ಕ್ಯಾನರಿನಲ್ಲಿ ಕ್ಲೋಸ್ಡ್ ಲೂಪ್ (ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ತಿದ್ದುವ ಸ್ಥಿತಿ) ಅಂತ ಬಂದ ಕೂಡಲೇ ಟ್ರಿಮ್ ಪ್ಲಸ್ 20ರ ಮೇಲೆ ಹೋಯಿತು. ಪೆಟ್ರೋಲ್ ಸಾಲದು ಅಂತ ಇಸಿಯು ಸುರಿಯುತ್ತಿತ್ತು. ರೇಸ್ ಮಾಡಿ 2500 ಆರ್‌ಪಿಎಂನಲ್ಲಿ ಹಿಡಿದರೆ ಅದು ಇಳಿಯುತ್ತಿತ್ತು. ಬಿಟ್ಟು ಐಡ್ಲಿಂಗಿಗೆ ಬಂದರೆ ಮತ್ತೆ ಮೇಲೆ. ಪೆಟ್ರೋಲ್ ಪಂಪ್ ಸೋತಿದ್ದರೆ ರೇಸ್ ಮಾಡಿದಾಗ ಕೊರತೆ ಹೆಚ್ಚಬೇಕಿತ್ತು. ಐಡ್ಲಿಂಗಿನಲ್ಲೇ ಜಾಸ್ತಿ ಅಂದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಕೂಲಂಟ್ ಬಿಸಿಯಾಗುತ್ತಾ ಬಂದ ಹಾಗೆ ಟ್ರಿಮ್ ನನ್ನ ಕಣ್ಣೆದುರೇ ಇಳಿದು ನೆಟ್ಟಗಾಯಿತು. ಅಂದರೆ ಸೀಳು ತಾನಾಗೇ ಮುಚ್ಚಿಕೊಳ್ಳುತ್ತಿತ್ತು. (ನನ್ನ ಗಾಡಿಯಲ್ಲಿ ಗಾಳಿಯನ್ನು ಅಳೆಯುವುದು ಮಾಸ್ ಏರ್ ಫ್ಲೋ ಸೆನ್ಸರ್. ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಗಾಡಿಯಲ್ಲಿ ಟ್ರಿಮ್ ಇಷ್ಟು ಸ್ಪಷ್ಟವಾಗಿ ಹೇಳದೇ ಇರಬಹುದು.)

ಜಾಗ ಹುಡುಕಲು ಕಾರ್ಬ್ ಕ್ಲೀನರ್ ಹೊಡೆಯುವವರಿದ್ದಾರೆ. ಬೆಂಕಿ ಹತ್ತುವ ವಸ್ತುವನ್ನು ಓಡುವ ಎಂಜಿನ್ ಮೇಲೆ ಹೊಡೆಯೋದು ನನಗೆ ಇಷ್ಟವಿಲ್ಲ. ಮರುದಿನ ತಣ್ಣಗಿದ್ದಾಗಲೇ ಐಡ್ಲಿಂಗಿನಲ್ಲಿ ಬಿಟ್ಟು, ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿಟ್ಟು, ವೈರಿಂಗ್ ಕನೆಕ್ಟರುಗಳನ್ನು ತಪ್ಪಿಸಿ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಹೆಡ್ಡಿಗೆ ಕೂರುವ ಅಂಚಿನ ಉದ್ದಕ್ಕೂ ನೀರು ಚಿಮುಕಿಸುತ್ತಾ ಹೋದೆ. 4, 3, 2 ದಾಟುವವರೆಗೆ ಏನೂ ಇಲ್ಲ. 1ರ ಕೆಳಗಂಚಿಗೆ ನೀರು ಬಿದ್ದದ್ದೇ ತಡ, ನಡುಕ ಎರಡು ಕ್ಷಣ ನಿಂತು ಐಡ್ಲಿಂಗ್ ನಯವಾಯಿತು. ನೀರು ಒಳಗೆ ಎಳೆದುಕೊಂಡ ಮೇಲೆ ಮತ್ತೆ ಅದೇ ಗಡಗಡ.

ಮ್ಯಾನಿಫೋಲ್ಡ್ ಬಿಚ್ಚಿದರೆ ರಬ್ಬರ್ ಗ್ಯಾಸ್ಕೆಟ್ ಚಪ್ಪಟೆಯಾಗಿ, ಉಗುರು ಇಳಿಯದಷ್ಟು ಗಟ್ಟಿಯಾಗಿತ್ತು. ಬಿಸಿಗೆ ಅದು ಸ್ವಲ್ಪ ಮೆತ್ತಗಾಗಿ, ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಹಿಗ್ಗಿ ಸಂದಿ ಮುಚ್ಚುತ್ತಿತ್ತು. ಎರಡೂ ಮೈ ಒರೆಸಿ, ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನ ಬೋಲ್ಟಿನಿಂದ ಹೊರಗಿನದರ ಕಡೆಗೆ ಮ್ಯಾನ್ಯುಯಲ್‌ನಲ್ಲಿದ್ದ ಟಾರ್ಕಿಗೆ ಬಿಗಿ ಮಾಡಿದೆ. ಪ್ಲಾಸ್ಟಿಕ್ ಆದ್ದರಿಂದ ಕೈಗೆ ಬಂದಷ್ಟು ಬಿಗಿದರೆ ಬಿರುಕು ಬಿಡುತ್ತದೆ. ಮ್ಯಾನಿಫೋಲ್ಡ್ ಕೆಳಗಿದ್ದ ಪಿಸಿವಿ ಹೋಸ್ (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಮ್ಯಾನಿಫೋಲ್ಡಿಗೆ ಒಯ್ಯುವ ಕೊಳವೆ) ಕೂಡ ಒಣಗಿತ್ತು. ಹೇಗೂ ಬಿಚ್ಚಿದ್ದಾಗಿದೆ ಅಂತ ಅದನ್ನೂ ಬದಲಾಯಿಸಿದೆ. ಹಳೇ ಟ್ರಿಮ್ ಲೆಕ್ಕ ಅಳಿಸಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟ್ರಿಮ್ 5ರ ಒಳಗೇ ನಿಂತಿತು. 1ನೇ ಸಿಲಿಂಡರಿನ ಮಿಸ್‌ಫೈರ್ ಲೆಕ್ಕ ಸೊನ್ನೆಯಿಂದ ಏಳಲೇ ಇಲ್ಲ.