ಫ್ಲೋರಿಡಾ ಜೌಗಲ್ಲಿ ಸಾದಾ ಬಿಲ್ಲು ಹಿಡ್ಕೊಂಡು ಕಾಡುಹಂದಿ ಬೇಟೆ

ಸಾದಾ ಬಿಲ್ಲು ಅಂದ್ರೆ ರಿಕರ್ವ್ (ತುದಿ ಹೊರಕ್ಕೆ ಬಾಗಿದ ಬಿಲ್ಲು) ಅಥವಾ ಲಾಂಗ್‌ಬೋ (ಉದ್ದನೆ ಹಳೇ ತರದ ಬಿಲ್ಲು), ಹೆದೆ ಎಳೆಯೋಕೆ ಚಕ್ರ ಇಲ್ಲ, ಗುರಿ ನೋಡೋಕೆ ಸೈಟ್ ಇಲ್ಲ. ಇದ್ರಲ್ಲಿ ಹಂದಿ ಹೊಡೀಬೇಕು ಅಂದ್ರೆ 15 ಗಜದ ಒಳಗೆ ಹೋಗ್ಲೇಬೇಕು, ತೀರಾ ಕೈ ಪಳಗಿದೋರಿಗೆ 20. ಅಷ್ಟು ಹತ್ತಿರದಲ್ಲಿ ಗಾಳಿ ತಪ್ಪಿದ್ರೆ ಹಂದಿಗೆ ನಮ್ಮ ವಾಸನೆ ಸಿಕ್ಕಿಬಿಡುತ್ತೆ, ಅದಕ್ಕೇ ಹೊಸಬರು ಯಾವ ಬಿಲ್ಲು ತಗೊಳ್ಳೋದು ಅಂತ ತಲೆ ಕೆಡಿಸ್ಕೊಳ್ಳೋ ಟೈಮಲ್ಲಿ ಅರ್ಧ ಟೈಮ್ ಗಾಳಿ ನೋಡೋದು ಕಲಿತ್ರೂ ಸಾಕು ಅನ್ಸುತ್ತೆ ನಂಗೆ.

ಮೊದ್ಲು ಕಾನೂನು. ಹಂದಿ ಅಮೆರಿಕದ ಮೂಲ ಪ್ರಾಣಿ ಅಲ್ಲ, 1539ರಲ್ಲಿ ಡಿ ಸೋಟೊ ಅನ್ನೋ ಸ್ಪೇನಿನವನು ಫ್ಲೋರಿಡಾಗೆ ಬಂದಿಳಿದಾಗ ಜೊತೆಗೆ ಹಂದಿನೂ ತಂದಿದ್ದ, ಆಮೇಲೆ ತಪ್ಪಿಸ್ಕೊಂಡವು ಬಿಟ್ಟವು ಎಲ್ಲಾ ಸೇರಿ ಕಾಡಾದ್ವು. ಹಾಗಾಗಿ ಅಲ್ಲಿ ಖಾಸಗಿ ಜಮೀನಲ್ಲಿ ಮಾಲೀಕರ ಪರ್ಮಿಷನ್ ಇದ್ರೆ ವರ್ಷಪೂರ್ತಿ ಹೊಡೀಬಹುದು, ಲೈಸೆನ್ಸೂ ಬೇಡ. ಸರ್ಕಾರಿ ಬೇಟೆ ಜಾಗಗಳಲ್ಲಿ ಮಾತ್ರ ಒಂದೊಂದು ಕಡೆ ಒಂದೊಂದು ರೂಲ್ಸು, ಆ ಜಾಗದ ಕರಪತ್ರ ಓದ್ಕೊಂಡೇ ಹೋಗಿ. ಬೇರೆ ರಾಜ್ಯ, ಬೇರೆ ದೇಶದಲ್ಲಿ ಕಾನೂನೇ ಬೇರೆ.

ಸಾಮಾನಿನ ವಿಷ್ಯಕ್ಕೆ ಬಂದ್ರೆ ಎಳೆಯೋ ಬಲ 45–50 ಪೌಂಡ್ ಇರೋ ಬಿಲ್ಲು ಆಗುತ್ತೆ, ಉದ್ದ ಕಮ್ಮಿ ಇದ್ದಷ್ಟೂ ಪಾಮೆಟ್ಟೊ ಅನ್ನೋ ಕುಳ್ಳ ತಾಳೆ ಜಾತಿ ಪೊದೆ ಒಳಗೆ ಸಿಕ್ಕಾಕ್ಕೊಳ್ಳಲ್ಲ. ಬಾಣ ಮಾತ್ರ ಭಾರ ಇರ್ಲಿ, 550ರಿಂದ 650 ಗ್ರೇನ್ (ಅಂದ್ರೆ ಸುಮಾರು 36–42 ಗ್ರಾಂ), ಮುಂದೆ ಎರಡೇ ಅಲಗಿನ ಗಟ್ಟಿ ಮೊನೆ, ಕೂದಲು ಬೋಳಿಸೋ ಅಷ್ಟು ಚೂಪಾಗಿ ಮಸೆದಿರ್ಬೇಕು. ಅಲಗು ಬಿಚ್ಚಿಕೊಳ್ಳೋ ತರದ್ದು ಬೇಡ, ಅದು ಬಿಚ್ಚೋಕೇ ಶಕ್ತಿ ತಿನ್ನುತ್ತೆ. ಇನ್ನೊಂದು ಜೌಗಿನ ತಾಪತ್ರಯ ಅಂದ್ರೆ ಗರಿ: ಸಾದಾ ಬಿಲ್ಲಲ್ಲಿ ಬಾಣ ಹಿಡಿಕೆಗೆ ಉಜ್ಜಿಕೊಂಡೇ ಹೋಗೋದ್ರಿಂದ ಪ್ಲಾಸ್ಟಿಕ್ ರೆಕ್ಕೆ ಸರಿಹೋಗಲ್ಲ, ಹಕ್ಕಿ ಗರಿನೇ ಬೇಕು, ಆದ್ರೆ ಗರಿ ನೆಂದ್ರೆ ಮುದುಡಿ ಮಲಗಿಬಿಡುತ್ತೆ, ಬಾಣ ಎಲ್ಲಿಗೋ ಹೋಗುತ್ತೆ. ವಾಟರ್‌ಪ್ರೂಫ್ ಪುಡಿ ಹಚ್ಚಿ, ಬತ್ತಳಿಕೆ ಮೇಲೆ ಒಂದು ಕವರ್ ಕಟ್ಟಿ, ಹೆದೆಗೆ ಮೇಣ ಉಜ್ಜಿ.

ಹೋಗೋಕೆ ಒಳ್ಳೆ ಕಾಲ ನವೆಂಬರ್‌ನಿಂದ ಏಪ್ರಿಲ್, ಮಳೆ ಕಮ್ಮಿ, ಸೊಳ್ಳೆ ಕಮ್ಮಿ, ನೀರು ಇಳಿದು ಉಳಿದ ಹೊಂಡಗಳ ಸುತ್ತಾನೇ ಹಂದಿ ಸೇರುತ್ವೆ, ಚಳಿ ಇದ್ರೆ ಹಗಲಲ್ಲೂ ಓಡಾಡುತ್ವೆ. ಬೇಸಿಗೇಲಿ ಬಹುತೇಕ ರಾತ್ರಿನೇ. ಜೌಗಿನ ನಡುವೆ ಸ್ವಲ್ಪ ಎತ್ತರದ ಓಕ್ ತೋಪುಗಳಿರುತ್ವಲ್ಲ, ಕಾಯಿ ಉದುರೋ ಟೈಮಲ್ಲಿ ಅಲ್ಲೇ ಹುಡುಕಿ. ನೆಲ ನೇಗಿಲು ಹೊಡೆದಂಗೆ ಕಿತ್ತಿರುತ್ತೆ. ಮಣ್ಣು ಇನ್ನೂ ಒದ್ದೆ ಕಪ್ಪಗಿದ್ರೆ ಹೊಸದು, ಒಣಗಿ ಬಿಳುಚಿಕೊಂಡಿದ್ರೆ ಬಿಟ್ಟು ಮುಂದೆ ನಡೀರಿ. ಹೆಜ್ಜೆ ಜಿಂಕೇದಕ್ಕಿಂತ ದುಂಡಗೆ, ತುದಿ ಮೊಂಡು. ಹೊರಳಾಡಿದ ಕೆಸರು ಹೊಂಡದ ಪಕ್ಕದ ಮರಕ್ಕೆ ಮೈ ಉಜ್ಜಿರೋ ಕೆಸರು ಎಷ್ಟೆತ್ತರದಲ್ಲಿದೆ ನೋಡಿದ್ರೆ ಪ್ರಾಣಿ ಸೈಜೂ ಗೊತ್ತಾಗುತ್ತೆ.

ಈಗ ಗಾಳಿ. ಹಂದಿಗೆ ಕಣ್ಣು ಮಂದ, ಕಿವಿ ಪರವಾಗಿಲ್ಲ, ಮೂಗು ಮಾತ್ರ ಭಯಂಕರ. ಗಾಳಿ ಯಾವಾಗ್ಲೂ ನಿಮ್ಮ ಮುಖಕ್ಕೆ ಬಡೀತಿರ್ಬೇಕು. ಸಣ್ಣ ಡಬ್ಬೀಲಿ ಪೌಡರ್ ಇಟ್ಕೊಂಡು ನಿಮಿಷಕ್ಕೊಮ್ಮೆ ಊದಿ ನೋಡಿ, ಯಾಕಂದ್ರೆ ಸೈಪ್ರೆಸ್ ಮರಗಳ ಮಧ್ಯೆ ಗಾಳಿ ಸುತ್ತು ಹೊಡೆಯುತ್ತೆ, ಬೆನ್ನಿಗೆ ತಾಗ್ತು ಅಂದ್ರೆ ಹಿಂದಕ್ಕೆ ಸರಿದು ದೊಡ್ಡ ಸುತ್ತು ಹಾಕಿ ಬನ್ನಿ, ಅವಸರ ಬೇಡ. ಗುಂಪು ಮೇಯ್ತಿದ್ರೆ ಅವುಗಳದ್ದೇ ಗದ್ದಲ ಇರುತ್ತೆ, ತಲೆ ಕೆಳಗಿದ್ದಾಗ ಹೆಜ್ಜೆ ಇಡಿ, ತಲೆ ಎತ್ತಿದ ತಕ್ಷಣ ಮರದಂಗೆ ನಿಲ್ಲಿ. ನೀರಲ್ಲಿ ಕಾಲೆತ್ತಿ ಹಾಕ್ಬೇಡಿ, ಮುಳುಗಿದ್ದಂಗೇ ಜಾರಿಸಿ, ಸದ್ದಾಗಲ್ಲ. ಕಾಟನ್‌ಮೌತ್ ಅನ್ನೋ ವಿಷದ ಹಾವು, ಮೊಸಳೆ ಜಾತಿಯ ಆಲಿಗೇಟರ್ ಎರಡೂ ಅಲ್ಲೇ ಇರುತ್ವೆ, ತಳ ಕಾಣದ ಆಳಕ್ಕೆ ಇಳೀಬೇಡಿ.

ಹೊಡೆಯೋದೆಲ್ಲಿ? ಜಿಂಕೆ ಹೊಡೆದು ಅಭ್ಯಾಸ ಇರೋರು ಇಲ್ಲೇ ಎಡವೋದು. ಹಂದಿ ಗುಂಡಿಗೆ, ಶ್ವಾಸಕೋಶ ಕೆಳಗೆ ಮತ್ತು ಮುಂದಕ್ಕೆ ಇರುತ್ತೆ, ಮುಂಗಾಲಿನ ಹಿಂದೆ, ಮೈ ಎತ್ತರದ ಕೆಳಗಿನ ಮೂರನೇ ಒಂದು ಭಾಗ. ದೊಡ್ಡ ಸಲಗನ (ಗಂಡು ಹಂದಿ) ಭುಜದ ಮೇಲೆ ಗುರಾಣಿ ತರ ಗಟ್ಟಿ ಪದರ ಇರುತ್ತೆ, ಅದನ್ನ ತಪ್ಪಿಸೋಕೆ ಪ್ರಾಣಿ ನಿಮ್ಮಿಂದ ಸ್ವಲ್ಪ ಆಚೆಗೆ ತಿರುಗೋವರೆಗೂ ಕಾದು, ಬಾಣ ಪಕ್ಕೆ ಹಿಂಭಾಗದಿಂದ ನುಗ್ಗಿ ಎದುರುಗಡೆ ಮುಂಗಾಲಿನ ಕಡೆ ಹೋಗೋ ಹಂಗೆ ಬಿಡಿ. ಎದುರಿಗೆ ಮುಖ ಮಾಡಿದ್ರೆ ಬಿಡ್ಲೇಬೇಡಿ. ಮನೇಲಿ ಪ್ರಾಕ್ಟೀಸ್ ಮಾಡುವಾಗ ಮಂಡಿ ಊರಿ, ಬಿಲ್ಲು ಓರೆ ಹಿಡಿದು ಹೊಡೆದು ನೋಡಿ, ಜೌಗಲ್ಲಿ ನೆಟ್ಟಗೆ ನಿಂತು ಹೊಡೆಯೋ ಅದೃಷ್ಟ ಕಮ್ಮಿ.

ಬಾಣ ತಾಗಿದ ಮೇಲೆ ಓಡ್ಬೇಡಿ. ಯಾವ ಕಡೆ ಹೋಯ್ತು, ಎಲ್ಲಿ ಸದ್ದು ನಿಲ್ತು ಅಂತ ಗಮನ ಇಟ್ಟು ಕೇಳಿ, ಅರ್ಧ ಗಂಟೆ ಕೂತ್ಕೊಳ್ಳಿ. ಹೊಟ್ಟೆಗೆ ತಾಗಿದೆ ಅನ್ಸಿದ್ರೆ ಕೆಲವು ಗಂಟೆನೇ ಕಾಯ್ಬೇಕು. ಕೊಬ್ಬು ಗಾಯ ಮುಚ್ಚುತ್ತೆ, ನೀರು ರಕ್ತ ತೊಳೆಯುತ್ತೆ, ಹಾಗಾಗಿ ರಕ್ತಕ್ಕಿಂತ ಕಲಕಿದ ನೀರು, ಎಲೆ ಮೇಲಿನ ಕೆಸರು ನೋಡ್ಕೊಂಡು ಹೋಗ್ಬೇಕಾಗುತ್ತೆ. ಗಾಯಗೊಂಡ ಸಲಗ ಪೊದೆ ಒಳಗೆ ಹೊಕ್ಕಿದ್ರೆ ಮಂಡಿ ಮೇಲೆ ತೆವಳಿ ಒಬ್ರೇ ನುಗ್ಗಬೇಡಿ, ಜೊತೆಗೊಬ್ರು ಇರ್ಲಿ, ಸುತ್ತಿ ನೋಡಿ.

ಕುಯ್ಯುವಾಗ ಕೈಗೆ ಗ್ಲೌಸ್ ಕಡ್ಡಾಯ, ಕಾಡುಹಂದಿಯಿಂದ ಮನುಷ್ಯರಿಗೆ ಬ್ರೂಸೆಲ್ಲೋಸಿಸ್ ಅನ್ನೋ ಬ್ಯಾಕ್ಟೀರಿಯಾ ರೋಗ ಅಂಟುತ್ತೆ. ಕರುಳು ಬೇಗ ತೆಗೆದು ಮಾಂಸ ಐಸಿಗೆ ಹಾಕಿ, ಅಡುಗೇಲಿ ಒಳಗಿನವರೆಗೂ 71 ಡಿಗ್ರಿ ಸೆಲ್ಸಿಯಸ್ ಮುಟ್ಟೋ ತನಕ ಬೇಯ್ಸಿ. ನಾಯಿಗೆ ಹಸಿ ತುಂಡು ಹಾಕ್ಬೇಡಿ, ಹಂದೀಲಿರೋ ಸ್ಯೂಡೋರೇಬೀಸ್ ವೈರಸ್ ತಗುಲಿದ್ರೆ ನಾಯಿ ಬದುಕಲ್ಲ.