ಮುರಕಲ್ಲಿನ ಆಧಾರ ಬೇಡ: ಕಾರನ್ನು ಸುರಕ್ಷಿತವಾಗಿ ಎತ್ತುವುದು ಹೇಗೆ?

ಕಾಸರಗೋಡಿನ ಹಳ್ಳಿಮನೆಗಳ ಹಿತ್ತಿಲಲ್ಲಿ ಮನೆ ಕಟ್ಟಿ ಉಳಿದ ನಾಲ್ಕಾರು ಮುರಕಲ್ಲುಗಳು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲುಗಳು, ಇದ್ದೇ ಇರುತ್ತವೆ. ಕಾರಿನ ಸೈಲೆನ್ಸರ್ ಜೋತುಬಿದ್ದಾಗ, ಅಡಿಯಲ್ಲಿ ತೆಂಗಿನ ಸೋಗೆ ಸಿಕ್ಕಿಕೊಂಡಾಗ, ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ನೋಡಬೇಕಾದಾಗ ಮೊದಲು ನೆನಪಾಗುವುದು ಆ ಕಲ್ಲುಗಳೇ. ಡಿಕ್ಕಿಯಿಂದ ಜಾಕಿ ತೆಗೆದು ಕಾರನ್ನು ಎತ್ತುವುದು, ಎರಡು ಕಲ್ಲು ಪೇರಿಸಿ ಅಡಿಗೆ ಕೊಡುವುದು, ಒಳಗೆ ನುಸುಳುವುದು. ದಯವಿಟ್ಟು ಹೀಗೆ ಮಾಡಬೇಡಿ. ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬಾರದು.

ಮಳೆಯಲ್ಲಿ ನೆನೆದ ಮುರಕಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಕೆಂಪು ಪುಡಿ ಕೈಗೆ ಬರುತ್ತದೆ. ಕಲ್ಲಿನ ಮೈತುಂಬ ತೂತುಗಳು. ಆ ತೂತುಗಳ ನಡುವೆ ಎಲ್ಲಿ ಗಟ್ಟಿ, ಎಲ್ಲಿ ಮೆದು ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಗೋಡೆಯಲ್ಲಿ ಅದೇ ಕಲ್ಲು ತಲೆಮಾರುಗಳ ಕಾಲ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಭಾರ ಇಡೀ ಮೈಮೇಲೆ ಸಮನಾಗಿ ಹರಡಿರುತ್ತದೆ. ಕಾರಿನ ಅಡಿಯ ತಗಡಿನ ಅಂಚು ಹಾಗಲ್ಲ, ನಾಲ್ಕು ಬೆರಳಗಲದ ಜಾಗದ ಮೇಲೆ ನೂರಾರು ಕಿಲೋ ಭಾರವನ್ನು ಹೇರುತ್ತದೆ. ಕಲ್ಲು ಮೊದಲು ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಮ್ಮೆಲೇ ಒಡೆಯುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕ್, ಇಟ್ಟಿಗೆಗಳಿಗೂ ಇದೇ ಮಾತು.

ಜಾಕಿ ಎತ್ತುತ್ತದೆ, ಸ್ಟ್ಯಾಂಡ್ ಹೊರುತ್ತದೆ

ಕಾರಿನ ಜೊತೆಗೆ ಬರುವುದು ಹೆಚ್ಚಾಗಿ ಸ್ಕ್ರೂ ತಿರುಗಿಸಿದಾಗ ಕತ್ತರಿಯಂತೆ ಮೇಲೇಳುವ ಸಿಸರ್ ಜಾಕಿ. ಒಂದು ಚಕ್ರ ಬದಲಾಯಿಸುವಷ್ಟು ಹೊತ್ತು ಕಾರಿನ ಒಂದು ಮೂಲೆಯನ್ನು ಎತ್ತಿ ಹಿಡಿಯಲಷ್ಟೇ ಅದನ್ನು ಮಾಡಿರುತ್ತಾರೆ. ಬಾಟಲಿಯಂತೆ ನೆಟ್ಟಗೆ ನಿಲ್ಲುವ ಬಾಟಲ್ ಜಾಕಿ ಮತ್ತು ಗಾಲಿಗಳಿರುವ ಟ್ರಾಲಿ ಜಾಕಿ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ಎತ್ತುವಂಥವು, ಆದ್ದರಿಂದ ಕೈಗೆ ಶ್ರಮ ಕಡಿಮೆ. ಆದರೆ ಅವುಗಳಲ್ಲಿ ಭಾರ ನಿಂತಿರುವುದು ಒಳಗಿನ ಎಣ್ಣೆಯ ಮೇಲೆ, ಎಣ್ಣೆ ನಿಂತಿರುವುದು ಒಂದು ರಬ್ಬರ್ ಸೀಲಿನ ಬಲದ ಮೇಲೆ. ಸೀಲು ಸವೆದಿದ್ದರೆ ಕಾರು ಮೆಲ್ಲಗೆ ಇಳಿಯಬಹುದು, ಥಟ್ಟನೆಯೂ ಇಳಿಯಬಹುದು. ಜಾಕಿಯ ಬುಡದಲ್ಲಿ ಎಣ್ಣೆ ಜಿನುಗಿದ್ದರೆ ಅದನ್ನು ದುರಸ್ತಿಯಾಗುವವರೆಗೆ ಮುಟ್ಟಬೇಡಿ.

ಹಾಗಾಗಿ ಚಕ್ರ ಬದಲಾಯಿಸುವುದಕ್ಕಿಂತ ಹೆಚ್ಚಿನ ಕೆಲಸವಿದ್ದರೆ ಜಾಕಿ ಸ್ಟ್ಯಾಂಡ್ ಬೇಕೇ ಬೇಕು. ಮೂರು ಅಥವಾ ನಾಲ್ಕು ಕಾಲಿನ, ಎತ್ತರ ಹೊಂದಿಸಿ ಪಿನ್ ಅಥವಾ ಹಲ್ಲಿನಿಂದ ಬಿಗಿಯುವ ಉಕ್ಕಿನ ಸಾಧನ ಅದು. ಅಲ್ಲಿ ಎಣ್ಣೆಯಿಲ್ಲ, ಸೀಲಿಲ್ಲ. ಉಕ್ಕು ಉಕ್ಕಿನ ಮೇಲೆ ಕೂತಿರುತ್ತದೆ. ಗ್ಯಾರೇಜ್ ಉಪಕರಣ ಮಾರುವ ಅಂಗಡಿಗಳಲ್ಲಿ ಜೋಡಿಯಾಗಿ ಸಿಗುತ್ತದೆ. ಕೊಳ್ಳುವಾಗ ಮೇಲೆ ಬರೆದಿರುವ ಟನ್ ಲೆಕ್ಕ ಒಂದು ಸ್ಟ್ಯಾಂಡಿನದ್ದೋ ಎರಡರದ್ದು ಸೇರಿಯೋ ಎಂದು ಕೇಳಿ ತಿಳಿದುಕೊಳ್ಳಿ. ಸಣ್ಣ ಕಾರೊಂದು 750 ರಿಂದ 900 ಕಿಲೋ ತೂಗಿದರೆ ಇನ್ನೋವಾದಂಥ ದೊಡ್ಡ ವಾಹನ 1,800 ಕಿಲೋ ದಾಟಬಹುದು. ಎಂಜಿನ್ ಮುಂದಿರುವ ಕಾರುಗಳಲ್ಲಿ ಭಾರದ ದೊಡ್ಡ ಪಾಲು ಮುಂದಿನ ಚಕ್ರಗಳ ಮೇಲಿರುತ್ತದೆ.

ಮೊದಲು ನೆಲ ನೋಡಿ

ನಮ್ಮ ಕಡೆ ಗುಡ್ಡ ಕಡಿದು ಅಂಗಳ ಮಾಡುವುದು ವಾಡಿಕೆ. ಅಂಥ ಅಂಗಳದ ಒಂದು ಬದಿ ಕಡಿದ ನೆಲ, ಇನ್ನೊಂದು ಬದಿ ಕಡಿದ ಮಣ್ಣನ್ನು ತಂದು ತುಂಬಿಸಿದ್ದು. ಮೇಲಿನಿಂದ ಎರಡೂ ಒಂದೇ ರೀತಿ ಕಂಡರೂ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ತುಂಬಿಸಿದ ಬದಿ ಜಾಕಿಯ ಸಣ್ಣ ಬುಡವನ್ನು ನುಂಗಿಬಿಡುತ್ತದೆ. ಕಾರನ್ನು ಕಡಿದ ಬದಿಗೆ ತನ್ನಿ. ಜೋರು ಮಳೆಯ ದಿನಗಳಲ್ಲಾದರೆ ದರೆಯ, ಅಂದರೆ ಕಡಿದ ಗುಡ್ಡದ ಗೋಡೆಯ, ಬುಡದಿಂದ ಸಾಕಷ್ಟು ದೂರ ನಿಲ್ಲಿಸಿ.

ಇಂಟರ್‌ಲಾಕ್ ಹಾಸಿದ ಅಂಗಳವನ್ನೂ ಪೂರ್ತಿ ನಂಬಬಾರದು. ಅದರ ಅಡಿಯಲ್ಲಿರುವುದು ಮರಳು ಅಥವಾ ಜಲ್ಲಿಪುಡಿ. ಕಾರಿನ ಚಕ್ರ ಉರುಳಿ ಹೋಗುವಾಗ ಏನೂ ಆಗದ ನೆಲ, ಜಾಕಿಯ ಬುಡ ಒಂದೇ ಕಲ್ಲಿನ ಮೇಲೆ ಕೂತಾಗ ವಾಲುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮೆತ್ತಗಾದ ಡಾಮರು ಕೂಡ ಹಾಗೆಯೇ. ಸಿಮೆಂಟ್ ನೆಲ ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ ಜಾಕಿಯ ಅಡಿಗೆ ಒಂದಡಿ ಉದ್ದ, ಒಂದಡಿ ಅಗಲ, ಎರಡಿಂಚು ದಪ್ಪದ ಹಲಸಿನ ಅಥವಾ ಇನ್ನಾವುದೇ ಗಟ್ಟಿ ಮರದ ಹಲಗೆ ಕೊಡಿ. ಅಡಿಕೆ ದಬ್ಬೆ ಬೇಡ, ಅದು ನಾರಿನ ಉದ್ದಕ್ಕೆ ಸೀಳಿಕೊಳ್ಳುತ್ತದೆ. ಟೈಲ್ಸ್ ತುಂಡು ಜಾರುತ್ತದೆ, ಹೆಂಚು ಒಡೆಯುತ್ತದೆ. ಇಂಥ ಒಂದು ಹಲಗೆಯನ್ನು ಸದಾ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

ಇಳಿಜಾರಿನಲ್ಲಿ ಎತ್ತಲೇಬಾರದು. ಎಣ್ಮಕಜೆ, ಪೈವಳಿಕೆ ಕಡೆಯ ಏರುತಗ್ಗಿನ ರಸ್ತೆಯಲ್ಲಿ ಟಯರ್ ಪಂಕ್ಚರ್ ಆದರೆ ನಿಧಾನವಾಗಿ ಸಮತಟ್ಟಾದ ಜಾಗದವರೆಗೆ ಓಡಿಸಿ. ಟಯರ್ ಹಾಳಾದೀತು, ಆಗಲಿ. ಟಯರ್ ಮತ್ತೆ ಕೊಳ್ಳಬಹುದು.

ಗೇರಿನಲ್ಲಿದೆ, ಹ್ಯಾಂಡ್ ಬ್ರೇಕ್ ಇದೆ. ಚಕ್ರಕ್ಕೆ ಅಡೆ ಏಕೆ?

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿರುವುದೇ ಅನೇಕ ಅವಘಡಗಳ ಮೂಲ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂಭಾಗವನ್ನು ಪೂರ್ತಿ ಎತ್ತಿದಿರಿ ಎಂದರೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ. ಗೇರಿನ ಕಥೆ ಇನ್ನೂ ಸೂಕ್ಷ್ಮ. ಇಂದಿನ ಸಣ್ಣ ಕಾರುಗಳಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ಎರಡು ಚಕ್ರಗಳ ನಡುವೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇರುತ್ತದೆ. ಮುಂದಿನ ಒಂದು ಚಕ್ರ ಗಾಳಿಯಲ್ಲಿದ್ದಾಗ ನೆಲದ ಮೇಲಿನ ಚಕ್ರ ಒಂದು ದಿಕ್ಕಿಗೆ ಉರುಳಿದರೆ ಗಾಳಿಯಲ್ಲಿರುವುದು ಎದುರು ದಿಕ್ಕಿಗೆ ತಿರುಗುತ್ತದೆ. ಎಂಜಿನ್ ಅಲುಗುವುದಿಲ್ಲ, ಗೇರ್ ಹಾಕಿದ್ದಲ್ಲೇ ಇರುತ್ತದೆ, ಕಾರು ಮಾತ್ರ ಉರುಳುತ್ತದೆ. ಆಟೊಮ್ಯಾಟಿಕ್ ಕಾರನ್ನು ‘ಪಿ’ (ಪಾರ್ಕ್) ಸ್ಥಾನದಲ್ಲಿ ಇಟ್ಟಾಗಲೂ ಇದೇ ಆಗುತ್ತದೆ.

ಆದ್ದರಿಂದ ಮೂರನ್ನೂ ಮಾಡಿ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಮೊದಲ ಗೇರ್ ಅಥವಾ ರಿವರ್ಸ್ ಹಾಕಿ, ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಳ್ಳಿ. ಎತ್ತುವ ಚಕ್ರಕ್ಕೆ ಕರ್ಣರೇಖೆಯಲ್ಲಿರುವ ಚಕ್ರದ ಹಿಂದೆಯೂ ಮುಂದೆಯೂ ಅಡೆ ಕೊಡಿ. ಹಿತ್ತಿಲಿನ ಮುರಕಲ್ಲಿಗೆ ಇಲ್ಲಿ ಕೆಲಸವಿದೆ: ಚಕ್ರಕ್ಕೆ ಅಡೆಯಾಗಿ ದೊಡ್ಡ ಕಲ್ಲು ಚೆನ್ನಾಗಿಯೇ ಒದಗುತ್ತದೆ, ಚಕ್ರಕ್ಕೆ ತಾಗಿಕೊಂಡಂತೆ ಇಟ್ಟರೆ ಸರಿ. ಕಾರಿನೊಳಗೆ ಯಾರೂ ಕೂತಿರಬಾರದು. ನಿದ್ದೆ ಮಾಡುತ್ತಿರುವ ಮಗುವಾದರೂ ಎಬ್ಬಿಸಿ ಇಳಿಸಿ.

ನಟ್ ಮೊದಲು ಸಡಿಲಿಸಿ, ಆಮೇಲೆ ಎತ್ತಿ

ಚಕ್ರ ಬಿಚ್ಚುವುದಿದ್ದರೆ ಅದು ನೆಲದ ಮೇಲಿರುವಾಗಲೇ ಪ್ರತಿ ನಟ್ಟನ್ನೂ ಅರ್ಧ ಸುತ್ತು ಸಡಿಲಿಸಬೇಕು. ಕಡಲ ಉಪ್ಪುಗಾಳಿಯಿಂದ ಕುಂಬಳೆ, ಉಪ್ಪಳದಂಥ ಕಡೆ ನಟ್‌ಗಳು ತುಕ್ಕು ಹಿಡಿದು ಬಿಗಿದಿರುತ್ತವೆ, ಕೆಲವೊಮ್ಮೆ ಸ್ಪ್ಯಾನರಿನ ಮೇಲೆ ಕಾಲಿಟ್ಟು ಒತ್ತಬೇಕಾಗುತ್ತದೆ. ಕಾರು ಜಾಕಿಯ ಮೇಲಿರುವಾಗ ಹಾಗೆ ಒತ್ತಿದರೆ ಜಾಕಿ ಮಗುಚುತ್ತದೆ.

ಈಗ ಜಾಕಿ ಕೊಡುವ ಜಾಗ. ಮುಂದಿನ ಚಕ್ರದ ಸ್ವಲ್ಪ ಹಿಂದೆ, ಹಿಂದಿನ ಚಕ್ರದ ಸ್ವಲ್ಪ ಮುಂದೆ, ಬಾಗಿಲುಗಳ ಕೆಳಗಿನ ತಗಡಿನ ಅಂಚಿನಲ್ಲಿ ಸಣ್ಣ ಕಚ್ಚು ಅಥವಾ ಬಾಣದ ಗುರುತು ಇರುತ್ತದೆ. ಕೆಸರು ಮೆತ್ತಿದ್ದರೆ ಒರೆಸಿ ಕೈಯಿಂದ ತಡವಿ ನೋಡಿ. ಸಿಸರ್ ಜಾಕಿಯ ತಲೆಯಲ್ಲಿರುವ ಸಂದಿಯೊಳಗೆ ಆ ಅಂಚು ಸರಿಯಾಗಿ ಕೂರಬೇಕು. ಎಣ್ಣೆಯ ತೊಟ್ಟಿ, ಗೇರ್‌ಬಾಕ್ಸ್, ಕಾರಿನ ನೆಲದ ತಗಡು, ರೇಡಿಯೇಟರಿನ ಕೆಳಪಟ್ಟಿ ಇವು ಯಾವುವೂ ಜಾಕಿಯ ಜಾಗಗಳಲ್ಲ. ವಿದ್ಯುತ್ ಕಾರುಗಳಲ್ಲಂತೂ ನೆಲದಡಿಯಲ್ಲಿ ಇರುವುದೇ ಬ್ಯಾಟರಿ. ಕಂಪನಿಯ ಕೈಪಿಡಿಯಲ್ಲಿ ತೋರಿಸಿದ ಬಿಂದುಗಳನ್ನು ಬಿಟ್ಟು ಬೇರೆಲ್ಲಿಯೂ ಒತ್ತಡ ಹಾಕಬಾರದು.

ತಲೆ ಅಂಚಿಗೆ ತಾಗುವವರೆಗೆ ಎತ್ತಿ, ನಿಲ್ಲಿಸಿ. ಎರಡು ಹೆಜ್ಜೆ ಹಿಂದೆ ಬಂದು ಜಾಕಿ ನೆಟ್ಟಗಿದೆಯೇ ನೋಡಿ. ಸರಿಯಿದ್ದರೆ ಮುಂದುವರಿಸಿ. ಓರೆಯಾಗಿದ್ದರೆ ಇಳಿಸಿ ಮತ್ತೆ ಇಡಿ. ಎತ್ತುತ್ತಿರುವಾಗಲೇ ಕೈಯಿಂದ ತಳ್ಳಿ ಸರಿಪಡಿಸಲು ಹೋಗಬೇಡಿ.

ಟ್ರಾಲಿ ಜಾಕಿಯಲ್ಲಿ ಗಮನಿಸಲೇಬೇಕಾದ ಒಂದು ವಿಷಯವಿದೆ. ಅದರ ತೋಳು ಮೇಲೇಳುವಾಗ ನೇರವಾಗಿ ಏಳುವುದಿಲ್ಲ, ಕಮಾನಿನಲ್ಲಿ ಏಳುತ್ತದೆ. ತಲೆ ಕಾರಿನ ಅದೇ ಬಿಂದುವಿನಡಿ ಉಳಿಯಬೇಕಾದರೆ ಜಾಕಿ ತನ್ನ ಗಾಲಿಗಳ ಮೇಲೆ ತುಸು ಉರುಳಲೇಬೇಕು. ಮಣ್ಣಿನಲ್ಲಿ, ಜಲ್ಲಿಯಲ್ಲಿ, ಇಂಟರ್‌ಲಾಕಿನ ಸಂದಿಯಲ್ಲಿ ಗಾಲಿ ಸಿಕ್ಕಿಕೊಂಡರೆ ತಲೆ ಜಾರಿ ಪಕ್ಕಕ್ಕೆ ಬರುತ್ತದೆ. ಜಾಕಿ ಅಲುಗದಿರಲಿ ಎಂದು ಅದರ ಗಾಲಿಗೆ ಕಲ್ಲು ಕೊಡುವವರಿದ್ದಾರೆ. ಅಪಾಯವನ್ನು ಕೈಯಾರೆ ಕರೆದಂತೆ. ಅಡೆ ಕಾರಿನ ಚಕ್ರಕ್ಕೆ, ಜಾಕಿಯ ಗಾಲಿಗಲ್ಲ.

ಬರಿಯ ಚಕ್ರ ಬದಲಾವಣೆಯಾದರೆ ಟಯರ್ ನೆಲದಿಂದ ಎರಡಿಂಚು ಮೇಲೆದ್ದರೆ ಸಾಕು. ಗಾಳಿ ತುಂಬಿದ ಸ್ಟೆಪ್ನಿಗೆ ಚಪ್ಪಟೆಯಾದ ಟಯರಿಗಿಂತ ಹೆಚ್ಚು ಜಾಗ ಬೇಕು ಎಂಬುದಷ್ಟೇ ಗಮನದಲ್ಲಿರಲಿ. ನಟ್ ಬಿಚ್ಚುವ ಮುನ್ನ ಸ್ಟೆಪ್ನಿಯನ್ನು ಜಾಕಿಯ ಪಕ್ಕದಲ್ಲಿ ಕಾರಿನ ಅಂಚಿನಡಿ ಮಲಗಿಸಿ. ಹಳೆಯ ಚಕ್ರ ಹೊರಬಂದ ಮೇಲೆ ಅದನ್ನು ಅಲ್ಲಿಟ್ಟು ಸ್ಟೆಪ್ನಿ ಹೊರಗೆ ತೆಗೆಯಿರಿ. ಜಾಕಿ ಕೈಕೊಟ್ಟರೂ ಕಾರು ಚಕ್ರದ ಮೇಲೆ ಬೀಳುತ್ತದೆ, ನಿಮ್ಮ ಕೈ ಉಳಿಯುತ್ತದೆ.

ಕೆಳಗೆ ನುಸುಳುವ ಮುನ್ನ

ಎರಡೂ ಬದಿಗೆ ಸ್ಟ್ಯಾಂಡ್ ಕೊಡಿ, ಎರಡರ ಎತ್ತರವೂ ಒಂದೇ ಇರಲಿ. ಪಿನ್ ಪೂರ್ತಿ ಒಳಹೋಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಜಾಕಿಯ ವಾಲ್ವನ್ನು ತೀರ ನಿಧಾನವಾಗಿ ಬಿಟ್ಟು ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಆಮೇಲೆ ಹೊರಗೆ ನಿಂತುಕೊಂಡೇ ಕಾರಿನ ಮೂಲೆಯನ್ನು ಅಂಗೈಯಿಂದ ಬಲವಾಗಿ ತಳ್ಳಿ. ಕಿರುಗುಟ್ಟಿದರೆ, ಸ್ಟ್ಯಾಂಡಿನ ಕಾಲು ನೆಲ ಬಿಟ್ಟರೆ, ಮತ್ತೆ ಎತ್ತಿ ಮೊದಲಿನಿಂದ ಶುರು ಮಾಡಿ. ಬೀಳುವುದಿದ್ದರೆ ಈಗಲೇ ಬೀಳಲಿ ಎಂಬುದೇ ಈ ತಳ್ಳುವಿಕೆಯ ಅರ್ಥ. ಸರಿಯಾಗಿ ಕೂತ ಮೇಲೆ ಜಾಕಿಯನ್ನು ತಾಗಿಯೂ ತಾಗದಂತೆ ಅಲ್ಲೇ ಬಿಡಿ, ಬಿಚ್ಚಿದ ಚಕ್ರವನ್ನು ಅಡಿಗೆ ಸರಿಸಿ.

ಮನೆಯಲ್ಲಿ ಒಬ್ಬರೇ ಇದ್ದಾಗ ಕಾರಿನ ಅಡಿಗೆ ಹೋಗಬೇಡಿ. ಏನಾದರೂ ಸಂಭವಿಸಿ ಯಾರಾದರೂ ಅಡಿಯಲ್ಲಿ ಸಿಲುಕಿದರೆ ಎಳೆದಾಡಬಾರದು. ಇನ್ನೊಂದು ಜಾಕಿ ತಂದು ಕಾರನ್ನು ಮೇಲೆತ್ತಿ, ಜೊತೆಜೊತೆಗೆ ಅಡಿಗೆ ಆಧಾರ ಕೊಡುತ್ತ ಹೋಗಿ. ಇನ್ನೊಬ್ಬರು 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಲಿ.

ಹೆದ್ದಾರಿಯಲ್ಲಿ

ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥದ ರಸ್ತೆ. ಅದರ ಮುಖ್ಯ ಪಥದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ನಟ್ ಬಿಚ್ಚುವ ಧೈರ್ಯ ಯಾರೂ ತೋರಬಾರದು. ಸರ್ವೀಸ್ ರಸ್ತೆಗೆ ಇಳಿಯಲು ಸಾಧ್ಯವಾದರೆ ಇಳಿಯಿರಿ. ಸಾಧ್ಯವಿಲ್ಲದಿದ್ದರೆ ಅಪಾಯ ಸೂಚಕ ದೀಪ ಹಾಕಿ, ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಟ್ಟು, ಎಲ್ಲರೂ ರಸ್ತೆಯಿಂದ ಆಚೆ ನಿಂತು, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ.

ಗ್ಯಾರೇಜಿನ ಲಿಫ್ಟ್

ಎರಡು ಕಂಬದ ಲಿಫ್ಟ್‌ನಲ್ಲಿ ನಾಲ್ಕು ತೋಳುಗಳ ತುದಿಯ ರಬ್ಬರ್ ಪ್ಯಾಡುಗಳೇ ಕಾರನ್ನು ಹೊರುವುದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಮೊದಲು ಕಲಿಸಬೇಕಾದದ್ದು ಸ್ವಿಚ್ ಒತ್ತುವುದನ್ನಲ್ಲ, ಪ್ಯಾಡ್ ಕೂರಿಸುವುದನ್ನು. ನಾಲ್ಕೂ ಪ್ಯಾಡ್ ಸರಿಯಾದ ಬಿಂದುಗಳಿಗೆ ತಾಗಿವೆಯೇ ನೋಡಿ, ಚಕ್ರಗಳು ನೆಲ ಬಿಡುತ್ತಿದ್ದಂತೆ ನಿಲ್ಲಿಸಿ, ಕಾರನ್ನು ಅಲುಗಿಸಿ ಪರೀಕ್ಷಿಸಿ, ಆಮೇಲೆ ಬೇಕಾದಷ್ಟು ಎತ್ತಿ. ಏರುವಾಗ ಎರಡೂ ಕಂಬಗಳಿಂದ ಲಾಕಿನ ಸದ್ದು ಕೇಳಬೇಕು. ಒಂದೇ ಕಡೆಯಿಂದ ಕೇಳಿದರೆ ಕೆಲಸ ನಿಲ್ಲಿಸಿ. ಬೇಕಾದ ಎತ್ತರ ತಲುಪಿದ ಮೇಲೆ ಸ್ವಲ್ಪ ಇಳಿಸಿ ಭಾರವನ್ನು ಲಾಕುಗಳ ಮೇಲೆ ಕೂರಿಸಿದ ನಂತರವೇ ಅಡಿಗೆ ಹೋಗುವುದು.

ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸುವಾಗ ಭಾರದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಅಲ್ಲಿಯವರೆಗೆ ಸಮತೋಲದಲ್ಲಿದ್ದ ಕಾರು ಹಿಂದಕ್ಕೆ ವಾಲಬಹುದು, ಆದ್ದರಿಂದ ಹಿಂಭಾಗಕ್ಕೆ ಎತ್ತರದ ಸ್ಟ್ಯಾಂಡ್ ಮೊದಲೇ ಕೊಟ್ಟಿರಬೇಕು. ಲಿಫ್ಟ್ ಕೂರಿಸುವ ನೆಲದ ಕಾಂಕ್ರೀಟಿನ ದಪ್ಪವನ್ನು ತಯಾರಕರು ನಿಗದಿಪಡಿಸಿರುತ್ತಾರೆ. ಮುರಕಲ್ಲು ಹಾಸಿ ಮೇಲೆ ತೆಳ್ಳಗೆ ಸಿಮೆಂಟ್ ಬಳಿದ ಹಳೆಯ ಶೆಡ್ಡಿನ ನೆಲಕ್ಕೆ ಬೋಲ್ಟ್ ಹೊಡೆದು ಲಿಫ್ಟ್ ನಿಲ್ಲಿಸುವುದು ಜೀವದ ಜೊತೆ ಆಡುವ ಆಟ.

ಇಳಿಸಿದ ಮೇಲೆ

ಚಕ್ರ ಕೂರಿಸುವಾಗ ನಟ್ಟಿನ ಮೊನಚು ಬದಿ ಚಕ್ರದ ಕಡೆಗಿರಲಿ. ಕೈಯಿಂದ ಸುತ್ತಿ, ಸ್ಪ್ಯಾನರಿನಿಂದ ಹದವಾಗಿ ಬಿಗಿದು, ಕಾರನ್ನು ಇಳಿಸಿದ ಬಳಿಕ ಪೂರ್ತಿ ಬಿಗಿಯಬೇಕು. ಪಕ್ಕಪಕ್ಕದ ನಟ್ ಬಿಗಿಯದೆ ಎದುರುಬದುರಿನದನ್ನು ಬಿಗಿಯುತ್ತ ಹೋಗಿ. ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆ ಎಂದು ತಿಳಿಸುವ ಟಾರ್ಕ್ ರೆಂಚ್ ಇದ್ದವರು ಕೈಪಿಡಿಯಲ್ಲಿರುವ ಅಂಕಿಗೆ ಹೊಂದಿಸಿಕೊಳ್ಳಿ. ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ 85 ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ. 50 ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಉಳಿದ ಚಕ್ರಗಳಿಗಿಂತ ಸಣ್ಣದಾದ ಸ್ಟೆಪ್ನಿಯಾದರೆ ಅದರ ಮೇಲೆ ಬರೆದ ವೇಗಮಿತಿ, ಹೆಚ್ಚಾಗಿ ಗಂಟೆಗೆ 80 ಕಿಲೋಮೀಟರ್, ಮೀರಬೇಡಿ.

ಮೇ ತಿಂಗಳ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದು ಮಳೆ ಹಿಡಿಯುವ ಮುನ್ನ ಒಂದು ಬಿಡುವಿನ ದಿನ ಜಾಕಿಯನ್ನು ಹೊರತೆಗೆಯಿರಿ. ಸ್ಕ್ರೂವಿನ ತುಕ್ಕು ಉಜ್ಜಿ ಗ್ರೀಸ್ ಹಚ್ಚಿ, ಹಿಡಿಕೆ ಇದೆಯೇ ನೋಡಿ, ಸ್ಟೆಪ್ನಿಗೆ ಗಾಳಿ ತುಂಬಿಸಿ. ಮನೆಯಲ್ಲಿ ಕಾರು ಓಡಿಸುವ ಎಲ್ಲರೂ, ಹೆಣ್ಣುಮಕ್ಕಳೂ ಸೇರಿ, ಅಂಗಳದ ಗಟ್ಟಿ ನೆಲದಲ್ಲಿ ಒಂದೊಂದು ಬಾರಿ ಚಕ್ರ ಬಿಚ್ಚಿ ಕೂರಿಸಿ ನೋಡಲಿ.