ಎರಡು ಹಲಗೆ, ಒಂದೊಂದು ಕಚ್ಚು: ಒಂಬತ್ತನೇ ತರಗತಿಗೆ ವ್ಯಾಸಪೀಠ ಮಾಡಿಸುವ ಬಗೆ

ಹೈಸ್ಕೂಲಿನ ಕಾರ್ಯಾಗಾರದಲ್ಲಿ ಮೊದಲ ವಸ್ತುವಾಗಿ ಪೆನ್ ಸ್ಟ್ಯಾಂಡ್ ಮಾಡಿಸುವುದನ್ನು ಬಿಟ್ಟಿದ್ದೇನೆ. ಅದರಲ್ಲಿ ತಪ್ಪು ಅಡಗಿಕೊಳ್ಳುತ್ತದೆ. ಮೂಲೆ ಕೂಡದಿದ್ದರೆ ಫೆವಿಕಾಲ್ ತುಂಬಿ ಮೇಲೆ ಬಣ್ಣ ಬಳಿದರೆ ಮುಗಿಯಿತು. ಈಗ ಮಾಡಿಸುವುದು ವ್ಯಾಸಪೀಠ, ಅಂದರೆ ಪುಸ್ತಕ ತೆರೆದಿಟ್ಟು ಓದುವ ಪೀಠ. ಎರಡು ಹಲಗೆ, ಪ್ರತಿಯೊಂದರಲ್ಲೂ ಅರ್ಧ ಅಗಲದವರೆಗೆ, ಹಲಗೆಯ ದಪ್ಪದಷ್ಟೇ ಅಗಲದ ಒಂದು ಕಚ್ಚು. ಒಂದರೊಳಗೊಂದು ತೂರಿಸಿದರೆ ಕತ್ತರಿಯಾಕಾರದಲ್ಲಿ ನಿಲ್ಲುತ್ತದೆ, ಬಿಚ್ಚಿದರೆ ಸ್ಕೂಲ್ ಬ್ಯಾಗಿಗೆ ಹೋಗುತ್ತದೆ. ಅಂಟಿಲ್ಲ, ಮೊಳೆಯಿಲ್ಲ. ಅಳತೆ ತಪ್ಪಿದರೆ ಮುಚ್ಚಿಕೊಳ್ಳಲು ಜಾಗವೂ ಇಲ್ಲ.

ಸಾಮಾನು: 8×4 ಅಡಿಯ 12 ಮಿ.ಮೀ. ಕಮರ್ಷಿಯಲ್ ಪ್ಲೈವುಡ್ ಒಂದು ಶೀಟು. ಮನೆಯೊಳಗೆ ಇಡುವ ವಸ್ತುವಿಗೆ ವಾಟರ್‌ಪ್ರೂಫ್ ಪ್ಲೈ ದಂಡ. 300×200 ಮಿ.ಮೀ. ತುಂಡುಗಳಾಗಿ ಅಂಗಡಿಯ ಮಷಿನ್‌ನಲ್ಲೇ ಕೊಯ್ಸಿದರೆ, ಬ್ಲೇಡ್ ತಿನ್ನುವ 3 ಮಿ.ಮೀ. ಕಳೆದೂ 48 ತುಂಡು ಬರುತ್ತವೆ. 40 ಮಕ್ಕಳು ಜೋಡಿಯಾಗಿ ಮಾಡಿದರೆ 20 ಪೀಠಕ್ಕೆ 40 ತುಂಡು. ಉಳಿದ ಎಂಟು, ಕೆಡುವವುಗಳ ಲೆಕ್ಕಕ್ಕೆ. ದಾವಣಗೆರೆಯಲ್ಲಿ ಪ್ಲೈ ಅಂಗಡಿಯಿಂದ ಶಾಲೆಗೆ ಲಗೇಜ್ ಆಟೋ ಸಿಗುವುದು ಕಷ್ಟವಲ್ಲ. ಕೊಯ್ಯುವವರಿಗೆ ಒಂದು ಮಾತು ಮನದಟ್ಟು ಮಾಡಿಸುವುದೇ ಕಷ್ಟ. 300ರ ಅಳತೆ ಶೀಟಿನ ಉದ್ದಕ್ಕೇ, ಅಂದರೆ ಮೇಲ್ಪದರದ ಎಳೆಯ ದಿಕ್ಕಿಗೇ ಇರಬೇಕು. ಅಡ್ಡ ಕೊಯ್ದರೂ 48 ತುಂಡೇ ಬರುತ್ತವೆ, ಆದರೆ ಕಚ್ಚು ಹಾಕಿದ ಮೇಲೆ ಅರ್ಧ ಅಗಲವಷ್ಟೇ ಭಾರ ಹೊರುವುದರಿಂದ ಪುಸ್ತಕದ ತೂಕಕ್ಕೆ ಅಲ್ಲೇ ಬಿರುಕು ಬಿಡುತ್ತದೆ.

ಮರ ಮುಟ್ಟುವ ಮೊದಲು ಎರಡು ವಾರ ರಟ್ಟಿನ ಕೆಲಸ. ಮನೆಯಲ್ಲಿ ಓದುವವರನ್ನು ನೋಡಿ, ಅವರು ಎಲ್ಲಿ ಕೂರುತ್ತಾರೆ, ಪುಸ್ತಕ ಎಲ್ಲಿಡುತ್ತಾರೆ, ಕತ್ತು ಎಷ್ಟು ಬಗ್ಗುತ್ತದೆ ಎಂದು ಬರೆದು ತರಬೇಕು. ನಂತರ ಪಾರ್ಸೆಲ್ ಡಬ್ಬದ ರಟ್ಟಿನಲ್ಲಿ ಪೂರ್ಣ ಅಳತೆಯ ಮಾದರಿ. ಕಚ್ಚು ಕೆಳಗಿನಿಂದ ಎಷ್ಟು ಎತ್ತರಕ್ಕಿರಬೇಕು ಎಂಬುದನ್ನು ನಾನು ಹೇಳುವುದಿಲ್ಲ. ಪುಟ ಅಗಲವಾಗಿ ಕೂರಲಿ ಎಂದು ಹೆಚ್ಚಿನವರು 80 ಮಿ.ಮೀ.ಗೆ ಹಾಕುತ್ತಾರೆ. ಅದರ ಮೇಲೆ ದಪ್ಪ ಪಠ್ಯಪುಸ್ತಕದ ಮೊದಲ ಪಾಠ ತೆರೆದಿಟ್ಟರೆ, ತೂಕವೆಲ್ಲ ಬಲಕ್ಕೆ ಬಿದ್ದು ಪೀಠ ಮಗುಚುತ್ತದೆ. ಕಾಲುಗಳ ನಡುವಿನ ಅಂತರ ಆಗ ಸುಮಾರು 113 ಮಿ.ಮೀ. ಮಾತ್ರ. ಕಚ್ಚನ್ನು 110ಕ್ಕೆ ಏರಿಸಿದರೆ ಅಂತರ 155 ಆಗಿ ನಿಲ್ಲುತ್ತದೆ. 45 ಡಿಗ್ರಿ ತ್ರಿಕೋನ, ವರ್ಗಮೂಲ 2, ಎಲ್ಲವೂ ಇಲ್ಲಿ ತಾನಾಗಿ ಬರುತ್ತವೆ. ಗಣಿತದ ಮೇಷ್ಟ್ರನ್ನು ಆ ದಿನ ಕರೆದರೆ ಅವರಿಗೂ ಖುಷಿ.

ಇನ್ನು ಕಚ್ಚು. ಮಕ್ಕಳು ಅತಿ ಹೆಚ್ಚು ಹಲಗೆ ಕೆಡಿಸುವುದು ಇಲ್ಲೇ. 12 ಮಿ.ಮೀ. ಎಂದು ಮಾರುವ ಪ್ಲೈ ವರ್ನಿಯರ್‌ನಲ್ಲಿ 11.4 ತೋರಿಸಿದರೆ ಆಶ್ಚರ್ಯವಿಲ್ಲ. ಸ್ಕೇಲಿನಲ್ಲಿ 12 ಗುರುತು ಹಾಕಿ ಕೊಯ್ದ ಹುಡುಗನ ಪೀಠ ಆಗಲೇ ಸಡಿಲ. ಕಚ್ಚು 1 ಮಿ.ಮೀ. ಅಗಲವಾದರೆ ಹಲಗೆ ನಾಲ್ಕೈದು ಡಿಗ್ರಿ ವಾಲುತ್ತದೆ, ಕಣ್ಣಿಗೇ ಕಾಣುತ್ತದೆ. ಹಾಗಾಗಿ ಅಳೆಯುವುದೇ ಬೇಡ: ಅದೇ ಶೀಟಿನ ಚೂರೊಂದನ್ನು ಮೂಲೆಮಟ್ಟಕ್ಕೆ ತಾಗಿಸಿ ಅಂಚಿನ ಮೇಲೆ ನಿಲ್ಲಿಸಿ, ಎರಡೂ ಬದಿಗೆ ಚಾಕುವಿನಿಂದ ಗೀರು ಹಾಕಿಸುತ್ತೇನೆ. ಪೆನ್ಸಿಲ್ ಗೆರೆಗೇ ಅರ್ಧ ಮಿ.ಮೀ. ದಪ್ಪ ಇರುತ್ತದೆ. ಚಾಕುವಿನ ಗೀರು ಮೇಲ್ಪದರದ ಎಳೆಯನ್ನೂ ಕತ್ತರಿಸುವುದರಿಂದ ಕೊಯ್ಯುವಾಗ ಸಿಬಿರು ಏಳುವುದಿಲ್ಲ. ಗೀರು ಹಲಗೆಯ ಎರಡೂ ಮುಖಕ್ಕೆ ಬೇಕು.

ಸ್ಯಾಂಡ್ ಪೇಪರ್ ಉಜ್ಜುವುದು ಗೀರು ಹಾಕುವುದಕ್ಕಿಂತ ಮೊದಲು, 120 ನಂಬರ್, ಆಮೇಲೆ 220. ಕಚ್ಚು ಕೂಡಿದ ನಂತರ ಉಜ್ಜಿದರೆ ಹಲಗೆ ತೆಳುವಾಗಿ, ಬಿಗಿಯಾಗಿ ಕೂತದ್ದೂ ಸಡಿಲವಾಗುತ್ತದೆ.

ಕಚ್ಚಿನ ಆಳ 100 ಮಿ.ಮೀ. ಅಂಚಿನಿಂದ 95ಕ್ಕೆ ಚುಕ್ಕೆ ಇಟ್ಟು 10 ಮಿ.ಮೀ. ಬಿಟ್‌ನಿಂದ ತೂತು. ಕೆಳಗೆ ಬೇಡದ ಹಲಗೆ ಇಟ್ಟು ಸಿ-ಕ್ಲಾಂಪ್‌ನಿಂದ ಬಿಗಿಯಬೇಕು, ಇಲ್ಲದಿದ್ದರೆ ಬಿಟ್ ಹೊರಬರುವ ಕಡೆ ಪದರ ಕಿತ್ತುಬರುತ್ತದೆ. ನಂತರ ಹಲಗೆಯನ್ನು ವೈಸ್‌ನಲ್ಲಿ (ಮೇಜಿನ ಬಿಗಿಹಿಡಿಯಲ್ಲಿ) ನಿಲ್ಲಿಸಿ, ಗೀರಿನ ಒಳಬದಿಗೆ, ಅಂದರೆ ಬಿದ್ದುಹೋಗುವ ಚೂರಿನ ಕಡೆಗೆ ಹಲ್ಲು ಇಟ್ಟು ಕೊಯ್ಯಬೇಕು. ಬೆನ್ನಿಗೆ ಪಟ್ಟಿ ಇರುವ ಸಣ್ಣ ಗರಗಸ ಇದಕ್ಕೆ ಆಗದು; 100 ಇಳಿಯುವ ಮೊದಲೇ ಪಟ್ಟಿ ಅಂಚಿಗೆ ಬಡಿದು ನಿಲ್ಲುತ್ತದೆ. ಸಾದಾ ಕೈಗರಗಸವೇ ಬೇಕು. ಅರ್ಧಕ್ಕೆ ಬಂದಾಗ ಹಲಗೆಯನ್ನು ಹಿಂದುಮುಂದಾಗಿ ತಿರುಗಿಸಿ ಕೊಯ್ಸುತ್ತೇನೆ, ಇಲ್ಲವಾದರೆ ಹಿಂಬದಿಯ ಗೀರು ತಪ್ಪಿದ್ದು ಕೊನೆಗೇ ಗೊತ್ತಾಗುವುದು. ಚೂರು ಮುರಿದು ತೆಗೆದ ಮೇಲೆ ಕೊನೆಯ ಮೂಲೆಗಳನ್ನು ಉಳಿಯಿಂದ ಎರಡೂ ಮುಖದಿಂದ ಅರ್ಧರ್ಧ ಕೆತ್ತಬೇಕು. ಎರಡೂ ಹಲಗೆ ಒಂದೇ ಅಚ್ಚು. ಒಂದನ್ನು ಮಗುಚಿದರೆ ಜೋಡಿ.

ಕೊಡತಿ ಏಟಿಲ್ಲದೆ ಕೈಯಲ್ಲೇ ಒಳಗೆ ಹೋಗಬೇಕು, ಒಂದು ಹಲಗೆ ಹಿಡಿದು ಎತ್ತಿದರೆ ಇನ್ನೊಂದು ಜಾರಬಾರದು. ಬಿಗಿಯಾದರೆ ಅರದಿಂದ ಎರಡು ಎಳೆತ, ಮತ್ತೆ ತೂರಿಸಿ ನೋಡುವುದು. ಅಂಚುಗಳು ಹಿಂದೆಮುಂದೆ ನಿಂತರೆ ಯಾವುದೋ ಒಂದು ಕಚ್ಚಿನ ಆಳ 100 ಮುಟ್ಟಿಲ್ಲ ಎಂದರ್ಥ.

ಉಳಿಯ ವಿಚಾರದಲ್ಲಿ ನಾನು ಹಟಮಾರಿ. ಮೊಂಡು ಉಳಿಗೆ ಮಕ್ಕಳು ಮೈಭಾರ ಹಾಕುತ್ತಾರೆ, ಜಾರಿದರೆ ಕೈಗೇ. ಪ್ರತಿ ತರಗತಿಗೆ ಮೊದಲು ಎಣ್ಣೆಕಲ್ಲಿನ ಮೇಲೆ 30 ಡಿಗ್ರಿ ಇಟ್ಟು ಮಸೆದಿರಬೇಕು. ಗ್ರೈಂಡರ್‌ಗೆ ಹಿಡಿದು ತುದಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ಎರಡೂ ಕೈ ಅಲಗಿನ ಹಿಂದೆ, ಕೆಲಸ ಯಾವಾಗಲೂ ವೈಸ್‌ನಲ್ಲಿ. ಡ್ರಿಲ್ ಹತ್ತಿರ ಬರುವವರು ವೇಲ್ ತೆಗೆದಿಟ್ಟು, ಜಡೆ ಮೇಲೆ ಕಟ್ಟಿ, ಬಳೆ ಬಿಚ್ಚಿರಬೇಕು.

40 ನಿಮಿಷದ ಒಂದು ಪೀರಿಯಡ್‌ನಲ್ಲಿ ಸಾಮಾನು ತೆಗೆದು ಇಡುವುದೇ ಆಗುತ್ತದೆ. ಎರಡು ಪೀರಿಯಡ್ ಜೋಡಿಸಿಕೊಂಡರೆ ಆರು ವಾರ ಸಾಕು. ಎಸ್ಸೆಸ್ಸೆಲ್ಸಿ ತಯಾರಿ ಶುರುವಾದ ಮೇಲೆ ಕೊಠಡಿಯೂ ಸಿಗದು, ಪೀರಿಯಡ್ಡೂ ಸಿಗದು; ಹಾಗಾಗಿ ದಸರಾ ರಜೆ ಮುಗಿದ ಕೂಡಲೇ ಹಿಡಿಯುವುದು ಒಳ್ಳೆಯದು. ವಾರ್ನಿಷ್ ಎರಡು ಕೋಟು, ನೆರಳಲ್ಲಿ. ನಮ್ಮೂರ ಬಿಸಿಲಿಗಿಟ್ಟರೆ ಮೇಲೆ ಪೊರೆ ಕಟ್ಟಿ ಗುಳ್ಳೆ ಏಳುತ್ತದೆ. ಕಚ್ಚಿನ ಒಳಗೂ, ಅದು ಕೂರುವ ಪಟ್ಟಿಗೂ ವಾರ್ನಿಷ್ ತಾಗದಂತೆ ಟೇಪ್ ಅಂಟಿಸಬೇಕು, ಇಲ್ಲವಾದರೆ ಒಣಗಿದ ಮೇಲೆ ಹಲಗೆ ಒಳಗೆ ಹೋಗುವುದಿಲ್ಲ.

ಅಂಕ 20: ಕಚ್ಚು ಕೂತದ್ದಕ್ಕೆ 8, ರಟ್ಟಿನ ಮಾದರಿಗೂ ಅದರಲ್ಲಿ ಏನು ಬದಲಾಯಿಸಿದಿರಿ ಎಂಬ ಟಿಪ್ಪಣಿಗೂ 6, ಎರಡು ಕೆ.ಜಿ. ಮೆಕ್ಕೆಜೋಳದ ಚೀಲ ಒಂದು ರಾತ್ರಿ ಹೊತ್ತು ನಿಂತರೆ 4, ಉಪಕರಣ ಒರೆಸಿ ಜಾಗಕ್ಕೆ ಇಟ್ಟರೆ 2. ಕಚ್ಚು ಅಗಲವಾದವರು ಹಲಗೆ ಎಸೆಯಬೇಕಿಲ್ಲ. ಹಳೆಯ ಮದುವೆ ಕಾರ್ಡಿನ ಪಟ್ಟಿ ಕತ್ತರಿಸಿ ಒಳಗೋಡೆಗೆ ಫೆವಿಕಾಲ್‌ನಿಂದ ಅಂಟಿಸಿದರೆ ಬಿಗಿಯಾಗುತ್ತದೆ. ಪ್ರತಿ ಪಟ್ಟಿಗೆ ಒಂದು ಅಂಕ ಕಡಿತ.